ಒಂದು ಕೂಗಿಗೆ ಒಂದು ಗೇಣು

ಹುಣಸೆಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜುತ್ತ ಹೋದರೆ ಮೊದಲು ಕಂದು ಸಿಪ್ಪೆ ಸವೆಯುತ್ತದೆ, ಆಮೇಲೆ ಬೆಣ್ಣೆಯಂಥ ಬಿಳುಪು ಕಾಣುತ್ತದೆ. ಉಜ್ಜಿದ ಕೂಡಲೇ ಅದನ್ನು ಪಕ್ಕದವಳ ಮೊಣಕೈಗೆ ಒತ್ತಿದರೆ ಅವಳು ಚೀರುತ್ತಾಳೆ, ಅಷ್ಟು ಕಾದಿರುತ್ತದೆ. ನಾವು ನಾಲ್ಕನೇ ತರಗತಿಯಲ್ಲಿದ್ದಾಗ ಇಂಥ ಒಂದೊಂದು ಬೀಜವೂ ಒಂದೊಂದು ಮನೆಯಾಗಿತ್ತು. ಸುಣ್ಣ ಬಳಿದ ಮನೆಯಾದರೆ ಬಿಳಿ ಮಗ್ಗುಲು ಮೇಲೆ, ಬರೀ ಮಣ್ಣುಗೋಡೆಯ ಮನೆಯಾದರೆ ಕಂದು ಮಗ್ಗುಲು ಮೇಲೆ. ನಮ್ಮದು ಸುಣ್ಣದ ಮನೆ. ನನ್ನ ಬೀಜವನ್ನು ನಾನು ಬಹಳ ಹೊತ್ತು ಕೂತು ಉಜ್ಜಿದ್ದೆ. ಆದರೆ ಅದನ್ನು ಇಡಲು ಜಾಗ ಸಿಗದೆ ಲಂಗದ ಅಂಚಿನಲ್ಲಿ ಗಂಟು ಕಟ್ಟಿಕೊಂಡು ತಿರುಗಬೇಕಾಯಿತು.

ಜಗಳೂರಿನಿಂದ ಸೊಕ್ಕೆಯ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಊರು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎರಡು ಕೋಣೆಯ ಶಾಲೆ, ಒಂದರಲ್ಲಿ ಒಂದು ಮತ್ತು ಎರಡನೇ ತರಗತಿ, ಇನ್ನೊಂದರಲ್ಲಿ ಮೂರು ಮತ್ತು ನಾಲ್ಕು. ಮೂರರವರು ಮಗ್ಗಿ ಒದರುವಾಗ ನಾವು ಪದ್ಯ ಬಾಯಿಪಾಠ ಮಾಡುತ್ತಿದ್ದೆವು, ಎರಡೂ ಸೇರಿ ನನಗೆ ಇವತ್ತಿಗೂ ಕೆಲವು ಪದ್ಯಗಳು ಹದಿಮೂರರ ಮಗ್ಗಿಯ ಧಾಟಿಯಲ್ಲೇ ನೆನಪಾಗುತ್ತವೆ. ಮಧ್ಯಾಹ್ನ ಹಳದಿ ಹಿಟ್ಟಿನ ಉಪ್ಪಿಟ್ಟು. ಅದರ ವಾಸನೆ ಹನ್ನೊಂದು ಗಂಟೆಗೇ ಕಿಟಕಿಯಿಂದ ಒಳಗೆ ಬಂದುಬಿಡುತ್ತಿತ್ತು. ಆಮೇಲೆ ಯಾರು ಏನು ಹೇಳಿಕೊಟ್ಟರೂ ಅಷ್ಟಕ್ಕಷ್ಟೆ.

ನಮ್ಮ ಮೇಷ್ಟ್ರು ಹೊನ್ನಾಳಿ ಕಡೆಯವರು, ಹೊಳೆದಂಡೆಯ ಊರಿನವರು. ನಮ್ಮ ಬಯಲನ್ನು ಕಂಡು ಅವರಿಗೆ ಮುಗಿಯದ ಬೆರಗು. ಇಲ್ಲಿ ಒಂದು ಗಾಡಿ ಹೊರಟರೆ ಅದು ಊರು ಮುಟ್ಟುವ ಮೊದಲೇ ಯಾರ ಗಾಡಿ, ಎತ್ತು ಯಾವ ಬಣ್ಣ, ಮೇಲೆ ಕೂತವರು ಯಾರು ಎಂದು ಎಲ್ಲರಿಗೂ ಗೊತ್ತಾಗುತ್ತದೆ. "ನಿಮ್ಮೂರಾಗೆ ಗುಟ್ಟು ಅನ್ನೋದೇ ಇಲ್ಲಲ್ಲೋ" ಎನ್ನುತ್ತಿದ್ದರು.

ಅವರಿಗೆ ನನ್ನಿಂದ ಒಂದು ತೊಂದರೆ ಇತ್ತು. ನಾನು ಮಾತಾಡಿದರೆ ಕೇಳುತ್ತಿರಲಿಲ್ಲ. ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಅವರು ತಲೆ ಎತ್ತಿ ನನ್ನ ಕಡೆ ನೋಡಿ, ತುಟಿ ಅಲುಗಿದ್ದನ್ನು ಕಂಡು ಗುರುತು ಹಾಕುತ್ತಿದ್ದರು. ಬೈಯುತ್ತಿರಲಿಲ್ಲ. ನನಗೆ ಅದು ಬೇಸರದ ಸಂಗತಿಯೂ ಆಗಿರಲಿಲ್ಲ. ನನಗೆ ಗೊತ್ತಿದ್ದದ್ದೆಲ್ಲ ಸ್ಲೇಟಿನ ಮೇಲೆ ಇರುತ್ತಿತ್ತು, ನೋಡುವವರು ನೋಡಬಹುದಾಗಿತ್ತು.

ಜೋಳ ಹಾಲುಗಟ್ಟುವ ಕಾಲ. ಸಮಾಜಪಾಠದಲ್ಲಿ ನಕ್ಷೆ ಓದುವುದು ಬಂತು. ಶಾಲೆಯಲ್ಲಿ ಇದ್ದದ್ದು ಒಂದೇ ನಕ್ಷೆ, ಬಟ್ಟೆಗೆ ಅಂಟಿಸಿದ ರಾಜ್ಯದ ನಕ್ಷೆ. ವರ್ಷಗಟ್ಟಲೆ ಮಡಿಸಿ ಬಿಚ್ಚಿ ಮಾಡಿ ಚಿತ್ರದುರ್ಗ ಜಿಲ್ಲೆಯ ಮೇಲೆಯೇ ಮಡಿಕೆ ಸವೆದು ತೂತು ಬಿದ್ದಿತ್ತು.

"ಸಾ, ಇದ್ರಾಗೆ ನಮ್ಮೂರು ಎಲ್ಲೈತೆ?" ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಹೋಗುತ್ತಿದ್ದ ಹುಡುಗಿ ಅವಳು, ನಮ್ಮ ತರಗತಿಯಲ್ಲೇ ದೊಡ್ಡ ಗಂಟಲಿನವಳು.

ಮೇಷ್ಟ್ರು ನಕ್ಷೆಯ ಹಿಂದಿನಿಂದ ತೂತಿನೊಳಗೆ ಬೆರಳು ತೂರಿಸಿ ಅಲ್ಲಾಡಿಸಿದರು. "ಇಲ್ಲೈತೆ ನೋಡು."

ಕೋಣೆ ಪೂರ್ತಿ ನಕ್ಕಿತು. ಅವರೂ ನಕ್ಕರು. ಆಮೇಲೆ ನಕ್ಷೆಯನ್ನು ಸುತ್ತಿಟ್ಟು, "ಏಳ್ರಿ ಎಲ್ಲಾ, ನಮ್ಮೂರನ್ನ ನಾವೇ ಮಾಡಾನ" ಎಂದು ಹೊರಗೆ ಕರೆದುಕೊಂಡು ಹೋದರು.

ಶಾಲೆಯ ಅಂಗಳಕ್ಕೆ ಮೂರು ಕಡೆ ಕತ್ತಾಳೆ ಬೇಲಿ. ಪಡುವಣದ ಬೇಲಿಯ ಪಕ್ಕ ಒಂದಿಷ್ಟು ನೆಲವನ್ನು ನಾವು ಹುಡುಗಿಯರು ಸಗಣಿ ಹಾಕಿ ಸಾರಿಸಿದೆವು. ಹುಡುಗರು ಮಧ್ಯದಲ್ಲಿ ಒಂದು ಗುಂಡುಕಲ್ಲು ಇಟ್ಟರು, ಅದು ಶಾಲೆ. ಬೆಳಗಿನ ನೆರಳು ನೋಡಿ ದಿಕ್ಕು ಗುರುತಿಸಿದೆವು. ಇಲ್ಲಿಯವರೆಗೆ ಎಲ್ಲ ಸುಲಭ. ಆಮೇಲೆ ಮೇಷ್ಟ್ರು, "ಇಲ್ಲಿಂದ ಕೆರೆಗೆ ಎಷ್ಟು ದೂರ?" ಎಂದು ಕೇಳಿದರು.

"ಎಲ್ಡು ಕೂಗು ಸಾ" ಎಂದಳು ಹಕ್ಕಿ ಕಾಯುವ ಹುಡುಗಿ.

"ಏನು?"

"ಎಲ್ಡು ಕೂಗು. ನಮ್ಮ ಹಟ್ಟಿಗೆ ಮೂರು."

ನಮ್ಮ ಕಡೆ ಆಗ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಒಂದು ಕೂಗಿನ ದೂರ, ಎರಡು ಕೂಗಿನ ದೂರ. ಫರ್ಲಾಂಗು, ಮೈಲಿ ಎಲ್ಲ ಬಸ್ಸು ಓಡಾಡುವ ರಸ್ತೆಗೆ. ಮೇಷ್ಟ್ರು ಸ್ವಲ್ಪ ಹೊತ್ತು ಗಲ್ಲ ತುರಿಸಿಕೊಂಡರು. ಶಾಲೆಯಲ್ಲಿ ಅಳತೆಯ ಟೇಪು ಇರಲಿಲ್ಲ, ಇದ್ದ ಹಗ್ಗ ಬಾವಿಯದು. "ಆಗ್ಲಿ" ಎಂದರು, "ಒಂದು ಕೂಗಿಗೆ ಒಂದು ಗೇಣು. ಒಂದು ಮನಿಗೆ ಒಂದು ಹುಣಸೆಬೀಜ. ಅವರವರ ಮನೆ ಅವರವರೇ ಅಳ್ಕಂಡು ಬರ್ರಿ. ಒಬ್ರು ಗೇಟಿನತ್ರ ನಿಂತು ಕೂಗ್ರಿ, ಇನ್ನೊಬ್ರು ನಡೀತಾ ಹೋಗ್ರಿ. ಕೂಗು ಕೇಳದಂಗಾದ ಕಡೆ ಟವೆಲ್ ಎತ್ರಿ. ಅಲ್ಲಿಂದ ಮತ್ತೆ ಕೂಗು. ಸೋಮವಾರ ಮಧ್ಯಾಹ್ನ ನಿಮ್ಮ ಅಪ್ಪ ಅವ್ವನ್ನೆಲ್ಲ ಕರೀರಿ, ನೋಡ್ಲಿ."

ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿದೆ. ಅಲ್ಲಿ ನಕ್ಷೆ ಬರೆಯುವ ಕೋಣೆಯಲ್ಲಿ ದೊಡ್ಡ ಮೇಜುಗಳು, ಮೇಲೆ ಟ್ಯೂಬ್‌ಲೈಟು. ಎಲ್ಲ ನಕ್ಷೆಯ ಕೆಳಗೂ ಒಂದು ಅಳತೆಪಟ್ಟಿ ಇರಲೇಬೇಕು. ಅದನ್ನು ಗೆರೆ ಎಳೆದು ತುಂಬುವಾಗೆಲ್ಲ ನನಗೆ ಆ ಟವೆಲ್ ನೆನಪಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ನಮ್ಮ ಮನೆ ಊರೊಳಗೆ ಇರಲಿಲ್ಲ. ಅಪ್ಪ ಹೊಲದಲ್ಲಿ ಬಾವಿ ತೆಗೆಸಿ, ನೀರು ಬಂದ ಮೇಲೆ ಅಲ್ಲೇ ಮನೆ ಕಟ್ಟಿದ್ದ. ಹಳ್ಳ ದಾಟಿದರೆ ನಮ್ಮ ಬಾವಿ, ಬಾವಿಯ ಪಕ್ಕದಲ್ಲಿ ಮನೆ. ಶಾಲೆಯ ಬಾಗಿಲಲ್ಲಿ ನಿಂತರೆ ಸುಣ್ಣದ ಗೋಡೆ ಕಾಣುತ್ತಿತ್ತು. ಆದರೂ ಊರಿನವರ ಬಾಯಲ್ಲಿ ನಾವು ಊರು ಬಿಟ್ಟವರು. ಅವ್ವ ಹಿಟ್ಟಿನ ಗಿರಣಿಗೆ ಹೋದರೆ "ಏನವ್ವ, ಊರ ಕಡಿಗೆ ಬಂದ್ಯಾ?" ಎಂದು ಕೇಳುತ್ತಿದ್ದರು. ತರಗತಿಯಲ್ಲಿ ನಾನು "ಊರಾಚೆಯೋಳು". ಕೆಟ್ಟ ಮನಸ್ಸಿನಿಂದ ಕರೆಯುತ್ತಿರಲಿಲ್ಲ, ಕರೆಯುತ್ತಿದ್ದರು ಅಷ್ಟೆ. ಹಾಗಾಗಿ ಬೇಲಿಯೊಳಗಿನ ಆ ಸಾರಿಸಿದ ನೆಲದ ಮೇಲೆ ನನ್ನ ಬೀಜ ಕೂರಬೇಕೆಂಬುದು ನನಗೆ ಎಷ್ಟು ಮುಖ್ಯವಾಗಿತ್ತೆಂದು ನಾನು ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ನಕ್ಷೆಯ ವಿಷಯ ಹೇಳಿದಾಗ ಅವನು ಎತ್ತಿನ ಮೈ ತಿಕ್ಕುತ್ತ, "ನಮ್ಮ ಬಾವೀನೂ ಇಡ್ತೀಯೇನವ್ವ?" ಎಂದ. ನಾನು ಹೂಂ ಎಂದೆ.

ಅಳೆಯಲು ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಬಂದಳು. ನಾನು ಗೇಟಿನ ಹತ್ತಿರ ನಿಂತೆ. ಅವಳು ಟವೆಲ್ ಹಿಡಿದು ಹೊರಟಳು. ನಾನು "ಹೋ" ಎಂದೆ. ಅವಳು ಬೇಲಿಯ ಮೂಲೆಯನ್ನೂ ದಾಟಿರಲಿಲ್ಲ, ತಿರುಗಿ ನಿಂತಳು.

"ಕೂಗೇ!"

"ಕೂಗಿದ್ನಲ್ಲ."

"ಈಗ ಮಾಡಿದ್ದು ಕೂಗಾ? ನೀನು ಆಕಳಿಸಿದೆ ಅಂದ್ಕಂಡೆ."

ಮತ್ತೆ ಕೂಗಿದೆ. ಅವಳು ಎರಡು ಹೆಜ್ಜೆ ಮುಂದೆ ಹೋಗಿ ಟವೆಲ್ ಎತ್ತಿದಳು. ಹೀಗೆ ಕೂಗುತ್ತ, ನಡೆಯುತ್ತ, ಹಳ್ಳದಲ್ಲಿ ಕೂತು ಸುಧಾರಿಸಿಕೊಂಡು, ಬಾವಿ ತಲುಪುವ ಹೊತ್ತಿಗೆ ಹನ್ನೊಂದು ಕೂಗು ಆಗಿತ್ತು. ಗೆಳತಿ ಬಹಳ ಪ್ರಾಮಾಣಿಕಳು. "ಹತ್ತು ಅಂತ ಹೇಳಾನ" ಎಂದು ನಾನು ಅನ್ನಬಹುದಿತ್ತು, ಅವಳು ಒಪ್ಪುತ್ತಿರಲಿಲ್ಲ. ಹತ್ತಾದರೂ ಪ್ರಯೋಜನವಿರಲಿಲ್ಲ.

ಶುಕ್ರವಾರ ಎಲ್ಲರೂ ಬೀಜ ಇಡಲು ಕೂತರು. ಗುಡಿ ಬಂತು, ಚಾವಡಿ ಬಂತು, ಗಿರಣಿ ಬಂತು. ಹಕ್ಕಿ ಕಾಯುವ ಹುಡುಗಿ ಕೆರೆಗೆಂದು ಒಡೆದ ಗಡಿಗೆಯ ತಳವನ್ನೇ ತಂದು ಪಡುವಣದ ಕಡೆ ಎರಡು ಗೇಣಿಗೆ ನೆಲದಲ್ಲಿ ಹೂತಳು. ಅದು ಊಟದ ಗಂಗಾಳದಷ್ಟು ಅಗಲವಿತ್ತು. "ಕೆರೆ ದೊಡ್ಡದಿರ್ಬೇಕು ಸಾ, ಸಣ್ಣ ಮಾಡಿದ್ರೆ ಅಪಶಕುನ" ಎಂದು ನೀರು ತುಂಬಿದಳು. ಅವಳ ಹಟ್ಟಿ ಅದೇ ದಿಕ್ಕಿನಲ್ಲಿ ಮೂರು ಗೇಣಿಗೆ ಕೂತಿತು. ನನ್ನ ಸರದಿ ಬಂದಾಗ ಗೆಳತಿ ಗುಂಡುಕಲ್ಲಿನಿಂದ ಪಡುವಣಕ್ಕೆ ಗೇಣು ಹಾಕುತ್ತ ಹೋದಳು. ಎಂಟಕ್ಕೆ ಅಂಗಳ ಮುಗಿಯಿತು. ಕತ್ತಾಳೆಯ ಸಂದಿಯಲ್ಲಿ ಕೈ ತೂರಿಸಿ ಒಂಬತ್ತು. ಬೇಲಿ ಸುತ್ತಿಕೊಂಡು ಆಚೆಗೆ ಹೋಗಿ ಹತ್ತು, ಹನ್ನೊಂದು.

"ಸಾ!" ಎಂದು ಬೇಲಿಯಾಚೆಯಿಂದ ಅವಳ ದನಿ ಬಂತು. "ಇವರ ಮನಿ ಉಪ್ಪಿಟ್ಟಿನ ಪಾತ್ರೆ ತೊಳೆಯೋ ಗುಂಡ್ಯಾಗೆ ಬಂತು ಸಾ!"

ನಗು ಎಷ್ಟು ಜೋರಾಗಿತ್ತೆಂದರೆ ಪಕ್ಕದ ಕೋಣೆಯ ಚಿಕ್ಕ ಮಕ್ಕಳೂ ಎದ್ದು ಬಾಗಿಲಿಗೆ ಬಂದರು. ಹಕ್ಕಿ ಕಾಯುವ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಿಜವಾಗಿ ಅವರ ಹಟ್ಟಿಗೆ ಹೋಗಲು ನಮ್ಮ ಬಾವಿಯನ್ನು ದಾಟಿಯೇ ಹೋಗಬೇಕು. ನಕ್ಷೆಯಲ್ಲಿ ತಿರುಗುಮುರುಗಾಗಿತ್ತು. "ಇನ್ಮ್ಯಾಲೆ ನೀನು ಮನಿಗೆ ಹೋಗ್ಬೇಕಾದ್ರೆ ನಮ್ಮ ಹಟ್ಟಿ ಮ್ಯಾಲೆ ಹೋಗ್ಬೇಕು ಕಣೇ. ಒಂದು ಹಿಡಿ ಶೇಂಗಾ ಕೊಟ್ರೆ ಬಿಡ್ತೀನಿ, ಇಲ್ಲಾಂದ್ರೆ ಇಲ್ಲ."

ನಾನೂ ನಕ್ಕೆ. ಅದು ನಿಜವಾಗಿಯೂ ನಗುವಂಥದ್ದೇ ಆಗಿತ್ತು. ಆದರೆ ಬೀಜವನ್ನು ಅಂಗೈಯಿಂದ ಬಿಡಲಿಲ್ಲ.

ಮೇಷ್ಟ್ರು ಬಾಗಿಲಿಗೆ ಹೋಗಿ ನಮ್ಮ ಮನೆಯ ಕಡೆ ನೋಡಿದರು, ಬಂದು ನಕ್ಷೆಯನ್ನು ನೋಡಿದರು, ಮತ್ತೆ ಬಾಗಿಲಿಗೆ ಹೋದರು. "ಎಲ್ಲೋ ತಪ್ಪೈತೆ" ಎಂದರು.

"ನಾನು ಕೂಗಿ ಅಳ್ಕಂಡು ಬರ್ತೀನಿ ಸಾ, ಅವಳ ಬದ್ಲಿಗೆ" ಎಂದಳು ದೊಡ್ಡ ಗಂಟಲಿನವಳು.

ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅದನ್ನು ಮೇಷ್ಟ್ರು ನೋಡಿದರು. "ಅವಳ ಮನಿ, ಅವಳೇ ಅಳೀಲಿ. ಸೋಮವಾರದೊಳಗೆ ಮತ್ತೊಂದ್ಸಲ ಅಳಿಯವ್ವ. ಆಮೇಲೆ ಎಲ್ಲಿ ಬರ್ತೈತೋ ಅಲ್ಲಿ ಇಡಾನ."

ಶನಿವಾರ ಅರ್ಧ ದಿನ ಶಾಲೆ. ಬಿಟ್ಟ ಮೇಲೆ ಹಕ್ಕಿ ಕಾಯುವ ಹುಡುಗಿ ನನ್ನ ಕೈ ಹಿಡಿದು ಎಳೆದಳು. "ಬಾರೇ, ಕೂಗಾಕೆ ಕಲಿಸ್ತೀನಿ." ಅವರ ಜೋಳದ ಹೊಲದ ನಡುವೆ ನಾಲ್ಕು ಗಳು ನೆಟ್ಟು ಕಟ್ಟಿದ ಅಟ್ಟಣೆ. ಹತ್ತಿ ಕೂತರೆ ಸುತ್ತ ತೆನೆಯೇ ತೆನೆ, ಗಾಳಿಗೆ ಒಟ್ಟಾಗಿ ಬಾಗುವುದು, ಒಟ್ಟಾಗಿ ಏಳುವುದು. ಅವಳ ಹತ್ತಿರ ಕವಣೆ ಇತ್ತು, ಬಡಿಯಲು ತಗಡಿನ ಡಬ್ಬ ಇತ್ತು, ಆದರೆ ಅವಳಿಗೆ ಎರಡೂ ಬೇಕಾಗಿರಲಿಲ್ಲ. ಎದ್ದು ನಿಂತು ಒಂದು ಸಲ "ಹೋಓಓ" ಎಂದರೆ ಹೊಲದ ಆ ತುದಿಯಿಂದ ಹಕ್ಕಿಗಳು ಚಾದರ ಕೊಡವಿದ ಹಾಗೆ ಎದ್ದವು.

"ಈಗ ನೀನು."

ನಾನು ಕೂಗಿದೆ. ಹತ್ತಿರದ ತೆನೆಯ ಮೇಲಿದ್ದ ಗಿಣಿಯೊಂದು ಕತ್ತು ಓರೆ ಮಾಡಿ ನನ್ನನ್ನು ನೋಡಿತು, ಮತ್ತೆ ತೆನೆಗೆ ಬಾಯಿ ಹಾಕಿತು.

"ನೀನು ಅದನ್ನ ಊಟ ಆತಾ ಅಂತ ಕೇಳಿದಂಗಿತ್ತು" ಎಂದು ಅವಳು ಬಿದ್ದು ಬಿದ್ದು ನಕ್ಕಳು. ಅಟ್ಟಣೆ ಅಲುಗಾಡಿತು. "ಹೊಟ್ಟ್ಯಾಗಿಂದ ತೆಗೀಬೇಕು ಕಣೇ. ಗಂಟ್ಲಾಗಿಂದಲ್ಲ."

ಹೊಟ್ಟೆಯಿಂದಲೂ ಬರಲಿಲ್ಲ. ಎಳೆ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಊದಿ ತಿಂದೆವು. ತುಟಿ, ಗಲ್ಲ ಎಲ್ಲ ಮಸಿ. ಆಮೇಲೆ ಅವಳಿಗೆ ನೀರು ಬೇಕಾಯಿತು. ಆಚೆ ಹೊಲದಲ್ಲಿ ಅವಳ ಚಿಕ್ಕಮ್ಮ ಕಳೆ ತೆಗೆಯುತ್ತಿದ್ದಳು, ಬಿಂದಿಗೆ ಅವಳ ಹತ್ತಿರ ಇತ್ತು. ಇವಳು ಎದ್ದು ಬಾಯಿಗೆ ಕೈ ಅಡ್ಡ ಹಿಡಿದು, "ಚಿಕ್ಕವ್ವಾ" ಎಂದು ಕರೆದಳು. ಹಕ್ಕಿಗೆ ಕೂಗಿದಷ್ಟು ಜೋರಾಗಿ ಅಲ್ಲವೇ ಅಲ್ಲ. ಕರೆದು, ಕಿವಿಯನ್ನು ಆ ಕಡೆ ಕೊಟ್ಟು ಸುಮ್ಮನೆ ನಿಂತಳು. ಸ್ವಲ್ಪ ಹೊತ್ತಿಗೆ ಅಷ್ಟು ದೂರದಿಂದ ತೆಳ್ಳಗೆ ಒಂದು "ಓ" ಬಂತು.

"ಅವರು ಓ ಅನ್ನದಿದ್ರೆ?" ಎಂದು ಕೇಳಿದೆ.

"ಅನ್ನದಿದ್ರೆ ಇನ್ನೂ ದೂರ ಅದಾರೆ ಅಂತ. ಹತ್ರ ಹೋಗಿ ಕರೀಬೇಕು." ಸ್ವಲ್ಪ ಯೋಚಿಸಿ ಸೇರಿಸಿದಳು: "ಇಲ್ಲಾಂದ್ರೆ ಮುನಿಸ್ಕಂಡಾರೆ ಅಂತ."

ನಾನು ಬಹಳ ಹೊತ್ತು ಅದನ್ನೇ ಯೋಚಿಸಿದೆ. ಊರಿನಲ್ಲಿ ಕೂಗಿನ ದೂರ ಎಂದರೆ ಇದು. ಕರೆದವರಿಗೆ ಓ ಎಂಬುದು ತಿರುಗಿ ಕೇಳಬೇಕು. ನಾವು ಅಳೆದದ್ದು ಬೇರೆ ಏನನ್ನೋ. ಬರಿಯ ಗಾಳಿಗೆ "ಹೋ" ಎಂದು ಯಾರ ಗಂಟಲು ಎಷ್ಟು ದೊಡ್ಡದೆಂದು ಅಳೆದಿದ್ದೆವು. ನಾನು ಯಾರನ್ನೂ ಕರೆದೇ ಇರಲಿಲ್ಲ. ಸುಮ್ಮಸುಮ್ಮನೆ ಕೂಗುವುದು ನನಗೆ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಭಾನುವಾರ ಸಂಜೆ ಗಾಳಿ ಊರಿನ ಕಡೆಯಿಂದ ಹೊಲದ ಕಡೆಗೆ ಬೀಸುತ್ತಿತ್ತು. ಗೆಳತಿಯನ್ನು ಟವೆಲ್ ಇಲ್ಲದೆ ಕಳಿಸಿದೆ, ತಿರುಗಿ ನೋಡದೆ ಹಳ್ಳದವರೆಗೆ ನಡೆ ಎಂದಿದ್ದೆ. ಹಕ್ಕಿ ಕಾಯುವ ಹುಡುಗಿ ಸಾಕ್ಷಿಯಾಗಿ ಶಾಲೆಯ ಗೇಟಿನ ಹತ್ತಿರ ನನ್ನ ಪಕ್ಕ ನಿಂತಳು. ಗೆಳತಿ ಹಳ್ಳದ ದಂಡೆ ಮುಟ್ಟಿದಾಗ ನಾನು ಅವಳ ಹೆಸರು ಹಿಡಿದು ಕರೆದೆ. ಅವಳು ಗಕ್ಕನೆ ನಿಂತಳು.

"ಓ... ಏನೇ?"

"ಒಂದು!" ಎಂದು ಸಾಕ್ಷಿ ಕುಣಿದಳು.

ನಾವು ಓಡಿ ಹಳ್ಳ ತಲುಪಿದೆವು. ಅಲ್ಲಿಂದ ನಮ್ಮ ಬಾವಿ. ಅಪ್ಪ ಎತ್ತುಗಳನ್ನು ಹಿಂದಕ್ಕೆ ನಡೆಸುತ್ತ ಕಪಿಲೆ ಹೊಡೆಯುತ್ತಿದ್ದ, ನೀರಿನ ಚರ್ಮದ ಚೀಲ ಬಾವಿಗೆ ಇಳಿಯುತ್ತಿತ್ತು. ಗಾಲಿಯ ಕಿರುಗುಟ್ಟುವಿಕೆ ನಿಲ್ಲುವವರೆಗೆ ಕಾದೆ. ನಿಂತಿತು. ನಾನು "ಅಪ್ಪಾ" ಎಂದೆ.

ಅಷ್ಟು ಜೋರಾಗಿ ಕರೆದೆನೆಂದು ನನಗೇ ಗೊತ್ತಾದದ್ದು ಪಕ್ಕದಲ್ಲಿದ್ದವರಿಬ್ಬರೂ ನನ್ನ ಮುಖ ನೋಡಿದಾಗ.

ಅಪ್ಪ ತಿರುಗಿದ. ಹಣೆಗೆ ಕೈ ಅಡ್ಡ ಹಿಡಿದ. "ಓ... ಏನವ್ವಾ?" ಎಂದ. ಹಾಗೆಂದವನು ಅಲ್ಲೇ ನಿಲ್ಲಲಿಲ್ಲ. ಎತ್ತುಗಳನ್ನು ಹಾಗೇ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಶೇಂಗಾ ಹೊಲದ ಮೇಲೆ ಅಡ್ಡ ಹಾಯ್ದು ಓಡಿ ಬಂದ. ನಾನು ಅವನನ್ನು ಅಷ್ಟು ದೂರದಿಂದ ಯಾವತ್ತೂ ಕರೆದವಳಲ್ಲ.

"ಏನಾತು? ಹಾವೇನಾರ ಕಂಡ್ಯೇನೆ?"

"ಏನಿಲ್ಲಪ್ಪ. ಅಳತೆ."

"ಅಳತೇನಾ?" ಅವನು ಮಂಡಿಯ ಮೇಲೆ ಕೈಯೂರಿ ಉಸಿರು ಬಿಟ್ಟ. ಗೆಳತಿ ಎಲ್ಲವನ್ನೂ ವಿವರಿಸಿದಳು, ಪಾತ್ರೆ ತೊಳೆಯುವ ಗುಂಡಿಯನ್ನೂ ಬಿಡದೆ. ಅಪ್ಪ ಗುಂಡಿಯ ಮಾತಿಗೆ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ಆಮೇಲೆ, "ನಾನು ವಾಪಸ್ ಬಾವಿತಾವ ಹೋಗ್ತೀನಿ. ಇನ್ನೊಂದ್ಸಲ ಅಳಿ ನೋಡಾನ" ಎಂದ. ಹೋದ. ನಾನು ಮತ್ತೆ ಕರೆದೆ. ಅವನು ಬಹಳ ಉದ್ದವಾಗಿ ಓ ಎಂದ. ಮನೆಯೊಳಗಿಂದ ಅವ್ವನೂ ಹೊರಗೆ ಬಂದಳು.

ಮೇಷ್ಟ್ರು ಶಾಲೆಯ ಹಿಂದಿನ ಕೋಣೆಯಲ್ಲಿ ವಾಸವಾಗಿದ್ದರು. ಭಾನುವಾರದ ಬಟ್ಟೆ ಒಗೆದು ಕತ್ತಾಳೆಯ ಮೇಲೆ ಹರವಿದ್ದರು. ಮೂವರೂ ಏದುಸಿರಿನಲ್ಲಿ ಹೋಗಿ ನಿಂತೆವು. ಹಕ್ಕಿ ಕಾಯುವ ಹುಡುಗಿಯೇ ಹೇಳಿದಳು. "ಎಲ್ಡೇ ಕೂಗು ಸಾ. ಓ ಅಂದಿದ್ದು ಕೇಳಿಸ್ಕಂಡು ಅಳೆದ್ವಿ."

"ಓ ಅಂದ್ರಾ?"

"ಅಂದ್ರು ಸಾ. ಓಡೇ ಬಂದ್ರು."

ಮೇಷ್ಟ್ರು ನನ್ನನ್ನು ನೋಡಿದರು. ಹಾಜರಿಯ ಹೊತ್ತಿನಲ್ಲಿ ನೋಡುವ ಹಾಗೆಯೇ, ತುಟಿಯ ಕಡೆ. "ಅದಪ್ಪ ಅಳತೆ" ಎಂದರು. "ಹಂಗಾರೆ ನಾಳೆ ಎಲ್ಲರೂ ಮತ್ತೆ ಅಳೀಬೇಕಾಗ್ತೈತಲ್ಲೋ ದೇವ್ರೆ!" ಆದರೆ ಅವರ ಮುಖ ಅರಳಿತ್ತು.

ಅಂಗಳಕ್ಕೆ ಹೋಗಿ ಗುಂಡುಕಲ್ಲಿನಿಂದ ಪಡುವಣಕ್ಕೆ ಎರಡು ಗೇಣು ಹಾಕಿ ನೋಡಿದರೆ ನನ್ನ ಬೀಜ ಸರಿಯಾಗಿ ಕೆರೆಯ ನೀರಿನ ಮೇಲೆ ಬರುತ್ತಿತ್ತು. ಗಡಿಗೆಯ ತಳ ಅಷ್ಟು ಅಗಲ.

"ಅಯ್ಯೋ, ಗುಂಡ್ಯಾಗಿಂದ ಎದ್ದು ಕೆರಿಗೆ ಬಿತ್ತು ನಿಮ್ಮನಿ!" ಗೆಳತಿ ಹಣೆ ಚಚ್ಚಿಕೊಂಡಳು.

"ಕೆರೆ ಸರಿಸ್ಬೇಕು" ಎಂದೆ. ಕೇಳುವ ಹಾಗೆಯೇ ಹೇಳಿದೆ.

"ನಾನು ಹೂತ ಕೆರೆ ಮುಟ್ಟಿದ್ರೆ ನೋಡು!" ಎಂದಳು ಹಕ್ಕಿ ಕಾಯುವ ಹುಡುಗಿ. ಮೇಷ್ಟ್ರು ನಡುವೆ ಬಾಯಿ ಹಾಕಲಿಲ್ಲ, "ನೀವು ನೀವೇ ತೀರ್ಮಾನ ಮಾಡ್ಕಳ್ರಿ, ಊರು ನಿಮ್ದು" ಎಂದು ದೀಪ ಹಚ್ಚಲು ಒಳಗೆ ಹೋದರು. ಅವಳು ಗೇಟಿನವರೆಗೆ ಮುಖ ಊದಿಸಿಕೊಂಡು ಹೋದಳು. ಅಲ್ಲಿಂದ ತಿರುಗಿ ನಿಂತು, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಸರಿಸೋದಾದ್ರೆ ನಮ್ಮ ಹಟ್ಟಿ ಕಡಿಗೆ ಸರಿಸು! ಊರ ಕಡಿಗೆ ಸರಿಸಿದ್ಯೋ, ಮಾತು ಬಿಡ್ತೀನಿ!"

ಮಾರನೆಯ ದಿನ ಬೆಳಿಗ್ಗೆ ಕಸ ಗುಡಿಸುವ ಸರದಿಯವರು ಬರುವ ಮೊದಲೇ ನಾನು ಶಾಲೆಗೆ ಹೋದೆ. ಕೆರೆಯ ನೀರನ್ನು ಚೊಂಬಿಗೆ ಬಸಿದುಕೊಂಡು, ಗಡಿಗೆಯ ತಳವನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿ ಕಿತ್ತೆ. ಕೆಳಗೆ ಒದ್ದೆ ಮಣ್ಣು ತಣ್ಣಗಿತ್ತು. ಹಟ್ಟಿಯ ಕಡೆಗೆ ಹೊಸ ಗುಂಡಿ ತೋಡಿ ಕೆರೆಯನ್ನು ಹೂತೆ, ನೀರು ತುಂಬಿದೆ, ಹಳೆಯ ಗುಂಡಿಯನ್ನು ಮುಚ್ಚಿ ಅಂಗೈಯಿಂದ ತಟ್ಟಿ ಸಗಣಿ ಬಳಿದೆ. ಲಂಗದ ಗಂಟು ಬಿಚ್ಚಿ ಬೀಜ ತೆಗೆದು, ಬಿಳಿ ಮಗ್ಗುಲು ಮೇಲೆ ಬರುವಂತೆ ಇಟ್ಟು, ಕೋಳಿ ಕುಕ್ಕದಂತೆ ಹೆಬ್ಬೆರಳಿನಿಂದ ಒತ್ತಿದೆ. ಆಮೇಲೆ ಅದರ ಪಕ್ಕದಲ್ಲಿ ಬಳಪದ ತುದಿಯಿಂದ ಒಂದು ಬಾವಿ ತೋಡಿ, ಕೆರೆಯಲ್ಲಿ ಬೆರಳು ಅದ್ದಿ ತಂದು ನೀರು ಬಿಟ್ಟೆ. ನೀರು ಇಂಗಿಹೋಯಿತು. ಮತ್ತೆ ಬೆರಳು ಅದ್ದಿ ತಂದು ಬಿಟ್ಟೆ.